ಘಾಟಿಯಲ್ಲಿ ಇಂಜಿನ್ ಬಿಸಿಯಾಗಿ ಕೈಕೊಟ್ಟಿತು, ಎಸ್ಟಿಮೇಟ್ 1.85 ಲಕ್ಷ: ಈಗ ಏನು ಮಾಡಲಿ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರದ ಹಳ್ಳಿ. 2017ರ ಡೀಸೆಲ್ ಹ್ಯಾಚ್‌ಬ್ಯಾಕ್ ಕಾರು, 2021ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. 1.12 ಲಕ್ಷ ಕಿ.ಮೀ. ಓಡಿದೆ. ಕಳೆದ ತಿಂಗಳು ಅಪ್ಪನನ್ನು ಮಂಗಳೂರಿನ ಆಸ್ಪತ್ರೆಗೆ ತೋರಿಸಿಕೊಂಡು ವಾಪಸ್ ಬರುವಾಗ ಚಾರ್ಮಾಡಿ ಘಾಟಿಯಲ್ಲಿ ಕೆಂಪು ಟೆಂಪರೇಚರ್ ಲೈಟ್ ಬಂತು. ಮಳೆ, ಮಂಜು, ನಿಲ್ಲಿಸಲು ಜಾಗ ಇರಲಿಲ್ಲ. ಹಾಗೇ ಕೊಟ್ಟಿಗೆಹಾರದವರೆಗೆ ಬಂದು, ನೀರು ಹಾಕಿಕೊಂಡು ಮನೆ ಸೇರಿದೆವು. ಮರುದಿನ ಬಿಳಿ ಹೊಗೆ, ಆಮೇಲೆ ಸ್ಟಾರ್ಟೇ ಆಗಲಿಲ್ಲ. ಚಿಕ್ಕಮಗಳೂರಿನ ಕಂಪನಿ ಸರ್ವಿಸ್ ಸೆಂಟರ್‌ಗೆ ಟೋ ಮಾಡಿಸಿದೆ. ಮೊದಲು ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗವಾದ ಹೆಡ್ ಮತ್ತು ಕೆಳಗಿನ ಬ್ಲಾಕಿನ ನಡುವಿನ ಸೀಲ್), 38,000 ಅಂದರು. ಬಿಚ್ಚಿದ ಮೇಲೆ ಹೆಡ್ ಮತ್ತು ಹಾಫ್ ಇಂಜಿನ್ (ಬ್ಲಾಕ್, ಪಿಸ್ಟನ್ ಸೇರಿದ ಕೆಳಭಾಗ) ಎರಡೂ ಬದಲಿಸಬೇಕು, 1.85 ಲಕ್ಷ ಅನ್ನುತ್ತಿದ್ದಾರೆ. ಮೂರು ತಿಂಗಳ ಹಿಂದೆ ಅಲ್ಲೇ ಸರ್ವಿಸ್ ಮಾಡಿಸಿದ್ದೆ, ಬಿಲ್ಲಿನಲ್ಲಿ ಕೂಲಂಟ್ (ಇಂಜಿನ್ ತಣ್ಣಗಿಡುವ ದ್ರವ) ಮತ್ತು ಒಂದು ಹೋಸ್ ಪೈಪ್ ಬದಲಿಸಿದ ಲೆಕ್ಕ ಇದೆ. ಇನ್ಶೂರೆನ್ಸ್‌ನವರು ಕ್ಲೇಮ್ ಆಗಲ್ಲ ಅಂದರು. ಊರಿನ ಮೆಕ್ಯಾನಿಕ್ 75,000ಕ್ಕೆ ಮಾಡಿಕೊಡುತ್ತೇನೆ ಅನ್ನುತ್ತಾರೆ. ನನಗೆ ಮೋಸ ಆಗುತ್ತಿದೆಯಾ? ಕಂಪನಿ ಮೇಲೆ ಕೇಸ್ ಹಾಕಬಹುದಾ? ಅಥವಾ ಕಾರನ್ನೇ ಮಾರಿಬಿಡಲಾ?

ಉತ್ತರ: ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಅದಕ್ಕೇ ಅರ್ಜೆಂಟ್ ಕೆಲಸ ಮೊದಲು ಹೇಳಿಬಿಡುತ್ತೇನೆ. ಇವತ್ತೇ ಸರ್ವಿಸ್ ಸೆಂಟರ್‌ಗೆ ಒಂದು ಇಮೇಲ್ ಕಳಿಸಿ, ಅದನ್ನೇ ವಾಟ್ಸಾಪ್‌ನಲ್ಲೂ ಹಾಕಿ. ನಾನು ಒಪ್ಪಿಗೆ ಕೊಡುವವರೆಗೆ ಮುಂದಿನ ಕೆಲಸ ಮಾಡಬೇಡಿ, ಬಿಚ್ಚಿದ ಯಾವ ಭಾಗವನ್ನೂ ಎಸೆಯಬೇಡಿ, ಇಂಜಿನ್ ಬಿಸಿಯಾಗಲು ಕಾರಣ ಏನು ಅಂತ ಬರೆದು ಕೊಡಿ. ಇಷ್ಟು ಬರೆದರೆ ಸಾಕು. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ. ಆ ಹೋಸ್ ಪೈಪು, ಅದರ ಕ್ಲಿಪ್ಪು, ರೇಡಿಯೇಟರ್ ಮುಚ್ಚಳ, ಥರ್ಮೋಸ್ಟಾಟ್ (ಬಿಸಿ ಏರಿದಾಗ ಕೂಲಂಟಿಗೆ ದಾರಿ ಬಿಡುವ ಕವಾಟ), ಹಳೇ ಗ್ಯಾಸ್ಕೆಟ್ ಎಲ್ಲವನ್ನೂ ಹೆಸರು ಹಿಡಿದು ಬರೆಯಿರಿ. ಅವೆಲ್ಲ ನಿಮ್ಮ ಕಾರಿನ ಭಾಗಗಳು, ನಿಮ್ಮ ಆಸ್ತಿ. ನಾಳೆ ಜಗಳ ಆದರೆ ನಿಮ್ಮ ಕಡೆ ಮಾತಾಡುವ ಸಾಕ್ಷಿಯೂ ಅವೇ. ನಾಳೆ ನಾಡಿದ್ದು ಒಮ್ಮೆ ನೀವೇ ಹೋಗಿ, ಬಿಚ್ಚಿಟ್ಟ ಇಂಜಿನ್ನಿನ ಫೋಟೋ, ವಿಡಿಯೋ ತೆಗೆದುಕೊಳ್ಳಿ. ನಿಮ್ಮ ಕಾರು ನೋಡಲು ನಿಮಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನೀವು ಕಳಿಸಿದ ಎಸ್ಟಿಮೇಟ್ ಪೂರ್ತಿ ಓದಿದೆ. ಅದರಲ್ಲಿ ಏನು ಹಾಳಾಗಿದೆ ಅನ್ನುವುದು ಸಾಲು ಸಾಲಾಗಿ ಇದೆ. ಯಾಕೆ ಹಾಳಾಯಿತು ಅನ್ನುವುದು ಒಂದು ಸಾಲೂ ಇಲ್ಲ. ಹೆಡ್ ಗ್ಯಾಸ್ಕೆಟ್ ತಾನಾಗಿಯೇ ಹೋಗುವುದು ಕಡಿಮೆ. ಇಂಜಿನ್ ವಿಪರೀತ ಬಿಸಿಯಾಯಿತು, ಹೆಡ್ ಬಾಗಿತು, ಗ್ಯಾಸ್ಕೆಟ್ ಬಿಟ್ಟಿತು. ಇಂಜಿನ್ ಬಿಸಿಯಾಗಿದ್ದು ಯಾಕೆ? ಕೂಲಂಟ್ ಖಾಲಿಯಾಗಿದ್ದಕ್ಕೆ, ಅಥವಾ ಕೂಲಂಟ್ ಇದ್ದೂ ತಿರುಗಾಡದೆ ಇದ್ದದ್ದಕ್ಕೆ. ಕೊಟ್ಟಿಗೆಹಾರದಲ್ಲಿ ನೀರು ಹಾಕಿದೆವು ಅಂತ ನೀವು ಬರೆದಿದ್ದೀರಿ, ಅಂದರೆ ಖಾಲಿಯಾಗಿತ್ತು. ಹಾಗಾದರೆ ಆ ಕೂಲಂಟ್ ಎಲ್ಲಿ ಹೋಯಿತು? ನಿಮ್ಮ ಇಡೀ ಪ್ರಕರಣ, ಯಾರು ದುಡ್ಡು ಕೊಡಬೇಕು ಅನ್ನುವುದೂ ಸೇರಿ, ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಇದಕ್ಕೆ ಉತ್ತರ ಸಿಗದೆ ಹೊಸ ಹೆಡ್, ಹೊಸ ಹಾಫ್ ಇಂಜಿನ್ ಹಾಕಿಸಿಕೊಂಡು ಬಂದರೆ ಮುಂದಿನ ಘಾಟಿಯಲ್ಲಿ ಅದೇ ಕಥೆ ಮತ್ತೆ ಆಗಬಹುದು. ಹಾಗೆ ಎರಡೆರಡು ಸಲ ಹೆಡ್ ಕೆಲಸ ಮಾಡಿಸಿಕೊಂಡು, ಕೊನೆಗೆ ಕಾರನ್ನೇ ಬಿಟ್ಟವರನ್ನು ನಾನು ಹಾಸನದ ನನ್ನ ವರ್ಕ್‌ಶಾಪಿನಲ್ಲಿ ನೋಡಿದ್ದೇನೆ. ಪ್ರತಿ ಸಲವೂ ತಪ್ಪು ಒಂದೇ, ಮೂಲ ಹುಡುಕಿರುವುದಿಲ್ಲ.

ನಮ್ಮ ಮಲೆನಾಡಿನ ರಸ್ತೆಯಲ್ಲಿ ಕೂಲಿಂಗ್ ಸಿಸ್ಟಂಗೆ ಬೀಳುವ ಕಷ್ಟ ಬಯಲುಸೀಮೆಗಿಂತ ಜಾಸ್ತಿ. ಚಾರ್ಮಾಡಿ, ಶಿರಾಡಿ, ಮುಳ್ಳಯ್ಯನಗಿರಿ, ಯಾವುದೇ ಇರಲಿ, ಎರಡನೇ ಗೇರಿನಲ್ಲಿ ಇಂಜಿನ್ ಎಳೆಯುತ್ತಿರುತ್ತದೆ, ಮುಂದಿನಿಂದ ಬರುವ ಗಾಳಿ ಕಡಿಮೆ, ಎ.ಸಿ. ಬೇರೆ ಹಾಕಿರುತ್ತೀವಿ. ಇನ್ನೊಂದು ವಿಷಯ ತುಂಬ ಜನ ಯೋಚಿಸಿರುವುದಿಲ್ಲ. ಸಮುದ್ರ ಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು ಚಿಕ್ಕಮಗಳೂರಿನ ಎತ್ತರದಲ್ಲಿ 96-97 ಡಿಗ್ರಿಗೇ ಕುದಿಯುತ್ತದೆ. ಮುಳ್ಳಯ್ಯನಗಿರಿ ತುದಿ 1,930 ಮೀಟರ್ ಎತ್ತರ, ಅಲ್ಲಿ 94ರ ಆಸುಪಾಸು ಸಾಕು. ಇಂಜಿನ್ನಿನ ಮಾಮೂಲಿ ಬಿಸಿಯೇ 90 ಡಿಗ್ರಿ ಹತ್ತಿರ ಇರುತ್ತದೆ. ಹಾಗಿದ್ದೂ ಕುದಿಯದೆ ಇರುವುದಕ್ಕೆ ಕಾರಣ, ರೇಡಿಯೇಟರ್ ಅಥವಾ ಕೂಲಂಟ್ ಡಬ್ಬಿಯ ಮುಚ್ಚಳ ಒಳಗೆ ಒತ್ತಡ ಹಿಡಿದಿಡುತ್ತದೆ, ಜೊತೆಗೆ ಕೂಲಂಟ್ ಮಿಶ್ರಣವೂ ಕುದಿಯುವ ಬಿಂದುವನ್ನು ಮೇಲಕ್ಕೆ ತಳ್ಳುತ್ತದೆ. ಎರಡೂ ಸರಿ ಇದ್ದರೆ 120 ಡಿಗ್ರಿವರೆಗೂ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಸವೆದಿದ್ದರೆ ಅಥವಾ ಕೂಲಂಟ್ ಬದಲು ಬರೀ ನೀರು ಇದ್ದರೆ ಘಾಟಿಯ ಅರ್ಧದಲ್ಲೇ ಕುದಿ ಬರುತ್ತದೆ. ಕೆಲವು ನೂರು ರೂಪಾಯಿಯ ಮುಚ್ಚಳ ಲಕ್ಷದ ಇಂಜಿನ್ನನ್ನು ಕಾಯುತ್ತಿರುತ್ತದೆ.

ನಿಮ್ಮ ಕಾರಿನಲ್ಲಿ ನನ್ನ ಮೊದಲ ಅನುಮಾನ ಆ ಹೋಸ್ ಪೈಪಿನ ಮೇಲೆ. ಮೂರು ತಿಂಗಳ ಹಿಂದೆ ಬದಲಿಸಿದ್ದು. ಕ್ಲಿಪ್ ಸರಿಯಾಗಿ ಕೂರಿಸದಿದ್ದರೆ ಊರೊಳಗಿನ ಓಡಾಟದಲ್ಲಿ ಏನೂ ಗೊತ್ತಾಗುವುದಿಲ್ಲ. ಸ್ವಲ್ಪ ಸ್ವಲ್ಪ ಜಿನುಗುತ್ತದೆ, ಬಿಸಿಗೆ ಆವಿಯಾಗಿ ಹೋಗುತ್ತದೆ. ಘಾಟಿಯಲ್ಲಿ ಒತ್ತಡ ಏರಿದಾಗ ಪೂರ್ತಿ ಬಿಟ್ಟುಕೊಳ್ಳುತ್ತದೆ. ಹೋಸ್ ತುದಿಯಲ್ಲಿ, ಅದು ಕೂರುವ ಜಾಗದಲ್ಲಿ ಒಣಗಿದ ಕೂಲಂಟಿನ ಬಣ್ಣದ ಕಲೆ ಇದೆಯಾ ನೋಡಿ. ಇದ್ದರೆ ಅದು ಹಳೇ ಜಿನುಗು. ಹತ್ತಿರದಿಂದ ಫೋಟೋ ತೆಗೆಯಿರಿ. ಹೋಸ್ ಮಧ್ಯದಲ್ಲಿ ತೂತು ಇದ್ದರೆ ಅಂಚು ಗಮನಿಸಿ. ಹಲ್ಲಿನ ಗುರುತು ಇದ್ದರೆ ಇಲಿ ಕಡಿದದ್ದು. ತೋಟದ ಮನೆಯಲ್ಲಿ, ಕಣದ ಪಕ್ಕ ಕಾರು ನಿಲ್ಲಿಸುವವರಿಗೆ ಇದು ಹೊಸದೇನಲ್ಲ, ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಅಂತ ಬಾನೆಟ್ ಒಳಗೇ ಬಂದು ಕೂರುತ್ತವೆ. ಆಗ ಸರ್ವಿಸ್ ಸೆಂಟರನ್ನು ದೂರಿ ಪ್ರಯೋಜನ ಇಲ್ಲ.

ಹೋಸ್ ಚೆನ್ನಾಗಿದ್ದರೆ ಮುಂದಕ್ಕೆ ಹೋಗಬೇಕು. ವಾಟರ್ ಪಂಪಿನ ಸೀಲಿನಿಂದ ಸೋರಿದೆಯಾ, ರೇಡಿಯೇಟರ್ ಫ್ಯಾನ್ ತಿರುಗುತ್ತಾ, ಥರ್ಮೋಸ್ಟಾಟ್ ಮುಚ್ಚಿಕೊಂಡೇ ಉಳಿದಿತ್ತಾ. ಥರ್ಮೋಸ್ಟಾಟ್ ಪರೀಕ್ಷೆ ಸುಲಭ. ಪಾತ್ರೆಯಲ್ಲಿ ನೀರು ಕಾಯಿಸಿ ಮುಳುಗಿಸಿದರೆ 80 ದಾಟಿ 90ರ ಹತ್ತಿರ ಬರುವಾಗ ಬಾಯಿ ಬಿಡಬೇಕು. ಫ್ಯಾನಿನ ರಿಲೇ, ಫ್ಯೂಸ್ ಎರಡು ನಿಮಿಷದ ಕೆಲಸ. ಡೀಸೆಲ್ ಕಾರುಗಳಲ್ಲಿ ಇ.ಜಿ.ಆರ್. ಕೂಲರ್ (ಹೊಗೆಯ ಒಂದು ಪಾಲನ್ನು ತಣ್ಣಗೆ ಮಾಡಿ ಇಂಜಿನ್ನಿಗೇ ಮರಳಿಸುವ ಭಾಗ) ಒಳಗೇ ಬಿರುಕು ಬಿಟ್ಟು ಕೂಲಂಟನ್ನು ಇಂಜಿನ್ ಕುಡಿಯುವುದೂ ಉಂಟು. ಆಗ ಹೊರಗೆ ಒಂದು ಹನಿಯೂ ಕಾಣುವುದಿಲ್ಲ, ಡಬ್ಬಿ ಮಾತ್ರ ಖಾಲಿ ಆಗುತ್ತಿರುತ್ತದೆ. ರೇಡಿಯೇಟರನ್ನು ಪಂಪಿನಿಂದ ಪ್ರೆಷರ್ ಕೊಟ್ಟು ಪರೀಕ್ಷೆ ಮಾಡಿದ್ದಾರಾ ಕೇಳಿ. ಇವೆಲ್ಲ ಇಂಜಿನ್ ಬಿಚ್ಚುವ ಮೊದಲೇ ಮಾಡಬೇಕಾದ ಪರೀಕ್ಷೆಗಳು. ಆದರೂ ರೇಡಿಯೇಟರ್, ಫ್ಯಾನ್, ಪಂಪ್ ಈಗಲೂ ಅಲ್ಲೇ ಇವೆ, ಈಗಲೂ ಮಾಡಬಹುದು.

ಇನ್ನು ಅವರು ಹೇಳುವ ಮಾತು ನನಗೆ ಈಗಲೇ ಗೊತ್ತು. ‘ಕೆಂಪು ಲೈಟ್ ಬಂದ ಮೇಲೂ ನೀವು ಓಡಿಸಿದ್ದೀರಿ, ಹಾಗಾಗಿ ಜವಾಬ್ದಾರಿ ನಿಮ್ಮದೇ.’ ಇದರಲ್ಲಿ ಅರ್ಧ ನಿಜ ಇದೆ, ಅದನ್ನು ನಿಮ್ಮ ಹತ್ತಿರ ಮುಚ್ಚಿಡಲಾರೆ. ಲೈಟ್ ಬಂದ ಜಾಗದಲ್ಲೇ ನಿಂತಿದ್ದರೆ ಬಹುಶಃ ಒಂದು ಹೋಸ್ ಮತ್ತು ಕೂಲಂಟ್‌ನಲ್ಲಿ ಮುಗಿಯುತ್ತಿತ್ತು. ಆದರೆ ಆ ಮಂಜಿನಲ್ಲಿ, ಹುಷಾರಿಲ್ಲದ ಅಪ್ಪನನ್ನು ಕೂರಿಸಿಕೊಂಡು, ತಿರುವಿನಲ್ಲಿ ಹಿಂದಿನಿಂದ ಲಾರಿ ಬರುತ್ತಿರುವಾಗ ನಿಲ್ಲಿಸಲಿಲ್ಲ ಅಂತ ನಿಮ್ಮನ್ನು ನಾನು ದೂರುವುದಿಲ್ಲ. ಜೀವ ಮೊದಲು. ಜೊತೆಗೆ, ಎಷ್ಟು ದೂರ, ಎಷ್ಟು ಬಿಸಿಯಲ್ಲಿ ಓಡಿಸಿದಿರಿ ಅನ್ನುವುದಕ್ಕೆ ಅವರ ಊಹೆ ಬೇಕಾಗಿಲ್ಲ. ಇಂಜಿನ್ ಕಂಪ್ಯೂಟರ್ ಒಳಗೆ ಫಾಲ್ಟ್ ಕೋಡ್ ಉಳಿದಿರುತ್ತದೆ, ಆ ಕೋಡ್ ಬಿದ್ದ ಕ್ಷಣದ ಕೂಲಂಟ್ ಬಿಸಿ, ವೇಗ, ಇಂಜಿನ್ ಸುತ್ತು ಕೂಡ ಸಾಮಾನ್ಯವಾಗಿ ಜೊತೆಗೇ ದಾಖಲಾಗಿರುತ್ತದೆ. ಅದನ್ನು ಅಳಿಸುವ ಮೊದಲು ಪ್ರಿಂಟ್ ಅಥವಾ ಸ್ಕ್ರೀನ್ ಫೋಟೋ ಕೇಳಿ. ಕಾರು ಬಂದ ದಿನವೇ ಸ್ಕ್ಯಾನರ್ ಹಾಕಿರುತ್ತಾರೆ, ಅದರ ರಿಪೋರ್ಟ್ ಅವರ ಹತ್ತಿರ ಇರಬೇಕು.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಬಿಸಿ ಅಳೆಯುವ ಸೆನ್ಸರ್ ಕೂಲಂಟಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಹೇಳುತ್ತದೆ. ಕೂಲಂಟ್ ಒಮ್ಮೆಲೇ ಸೋರಿ ಹೋದರೆ ಸೆನ್ಸರ್ ಸುತ್ತ ಬರೀ ಹಬೆ, ಗಾಳಿ. ಆಗ ಇಂಜಿನ್ ಸುಡುತ್ತಿದ್ದರೂ ಲೈಟ್ ತಡವಾಗಿ ಬರಬಹುದು, ಬಂದ ಲೈಟ್ ಆರಿಯೂ ಹೋಗಬಹುದು. ನಿಮಗೆ ಲೈಟ್ ಬರುವ ಹೊತ್ತಿಗೇ ಹೆಡ್‌ಗೆ ಪೆಟ್ಟು ಬಿದ್ದಿರುವ ಸಾಧ್ಯತೆ ಇದೆ. ಈಗಿನ ಎಷ್ಟೋ ಕಾರುಗಳಲ್ಲಿ ಟೆಂಪರೇಚರ್ ಮುಳ್ಳನ್ನೇ ತೆಗೆದುಬಿಟ್ಟು ಬರೀ ನೀಲಿ ಮತ್ತು ಕೆಂಪು ಲೈಟ್ ಇಟ್ಟಿದ್ದಾರೆ. ಘಾಟಿಯಲ್ಲಿ ಓಡಾಡುವ ನಮ್ಮಂಥವರಿಗೆ ಇದು ದೊಡ್ಡ ಅನ್ಯಾಯ. ಮುಳ್ಳು ಇದ್ದಿದ್ದರೆ ಏರುವುದು ಕಣ್ಣಿಗೆ ಕಾಣುತ್ತಿತ್ತು, ಜಾಗ ನೋಡಿ ನಿಲ್ಲಿಸಬಹುದಿತ್ತು.

ಈಗ 1.85 ಲಕ್ಷದ ಲೆಕ್ಕಕ್ಕೆ ಬರೋಣ. ಮೋಸ ಅಂತ ನಾನು ಒಂದೇ ಏಟಿಗೆ ಹೇಳಲಾರೆ. ಕಂಪನಿ ಸರ್ವಿಸ್ ಸೆಂಟರಿನವರು ಸಾಮಾನ್ಯವಾಗಿ ಲೇತ್ ಕೆಲಸ ಮಾಡುವುದಿಲ್ಲ. ಹೆಡ್ ಬಾಗಿದೆಯಾ, ಹೊಸ ಹೆಡ್. ಬೋರ್‌ನಲ್ಲಿ (ಪಿಸ್ಟನ್ ಓಡಾಡುವ ಸಿಲಿಂಡರ್ ಒಳಗೋಡೆ) ಗೀರು ಬಿದ್ದಿದೆಯಾ, ಹಾಫ್ ಇಂಜಿನ್. ಅವರ ಪದ್ಧತಿಯೇ ಹಾಗೆ, ಪೂರ್ತಿ ಭಾಗ ಬದಲಿಸಿ ಅದಕ್ಕೆ ಗ್ಯಾರಂಟಿ ಕೊಡುವುದು. ನಿಮ್ಮ ಊರಿನ ಮೆಕ್ಯಾನಿಕ್ ಅದೇ ಹೆಡ್ಡನ್ನು ಲೇತ್‌ಗೆ ಒಯ್ದು ಪ್ಲೇನ್ ಹೊಡೆಸಿ (ಮೇಲ್ಮೈ ಸಮ ಮಾಡಿಸಿ), ಬ್ಲಾಕನ್ನು ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್ ಹಾಕುತ್ತಾರೆ. ಎರಡು ಎಸ್ಟಿಮೇಟ್‌ಗಳ ನಡುವಿನ ಲಕ್ಷ ರೂಪಾಯಿ ಬಹುಪಾಲು ಇಲ್ಲಿಂದಲೇ ಬರುವುದು. ಹಾಗಂತ ಅವರು ಹೇಳಿದ್ದಕ್ಕೆಲ್ಲ ತಲೆ ಆಡಿಸಬೇಕಾಗಿಲ್ಲ. ಅಳತೆ ಕೇಳಿ. ಹೆಡ್ ಎಷ್ಟು ಬಾಗಿದೆ? ಸ್ಟ್ರೇಟ್ ಎಡ್ಜ್ ಇಟ್ಟು ಫೀಲರ್ ಗೇಜ್‌ನಲ್ಲಿ ನೋಡಿದರೆ ಮಿಲಿಮೀಟರಿನಲ್ಲಿ ಲೆಕ್ಕ ಸಿಗುತ್ತದೆ, ಕಂಪನಿಯ ಮಿತಿ ಎಷ್ಟು ಅನ್ನುವುದು ಅವರ ಮ್ಯಾನ್ಯುಯಲ್‌ನಲ್ಲೇ ಇದೆ. ಹೆಡ್‌ನಲ್ಲಿ ಬಿರುಕು ಇದೆಯಾ, ಪ್ರೆಷರ್ ಟೆಸ್ಟ್ ಮಾಡಿದ್ದೀರಾ? ನಾಲ್ಕೂ ಸಿಲಿಂಡರಿನ ಬೋರ್ ಅಳತೆ ಎಷ್ಟು, ಗೀರು ಎಲ್ಲಿದೆ, ತೋರಿಸಿ. ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿತ್ತಾ? ಹಾಗೆ ತಿರುಗಿದ್ದರೆ ನೀರು ಬೆರೆತಿದೆ, ಬೇರಿಂಗ್‌ಗಳನ್ನೂ ಬಿಚ್ಚಿ ನೋಡಲೇಬೇಕು. ಹಾಫ್ ಇಂಜಿನ್ ಬೇಕೇ ಬೇಕು ಅನ್ನುವವರ ಹತ್ತಿರ ಈ ಅಳತೆಗಳು ಇರಲೇಬೇಕು. ಅಳತೆಯೇ ಇಲ್ಲದೆ ಬರೀ ‘ಬಿಸಿಯಾಗಿದೆ ಸಾರ್, ರಿಸ್ಕ್ ಬೇಡ’ ಅಂದರೆ ಆ ಎಸ್ಟಿಮೇಟ್‌ಗೆ ಸಹಿ ಹಾಕಬೇಡಿ.

ಒಂದು ಸಣ್ಣ ಲೆಕ್ಕವೂ ನೋಡಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ. ಎಸ್ಟಿಮೇಟ್‌ನಲ್ಲಿ ಹಳೇ ದರ ಉಳಿದಿದ್ದರೆ ಲಕ್ಷದ ಭಾಗಕ್ಕೆ ಹತ್ತು ಸಾವಿರ ಅಲ್ಲೇ ಹೋಯಿತು.

ಊರಿನ ಮೆಕ್ಯಾನಿಕ್ ಕಡೆ ಹೋಗುವುದಾದರೆ ಅವರಿಗೂ ಅಷ್ಟೇ ಗಟ್ಟಿ ಪ್ರಶ್ನೆ ಕೇಳಿ. 75,000 ಅಂದರೆ ಏನೇನು ಸೇರಿದೆ? ಹೆಡ್ ಬೋಲ್ಟ್ ಹೊಸದು ಹಾಕುತ್ತಾರಾ? ಈಗಿನ ಇಂಜಿನ್‌ಗಳಲ್ಲಿ ಆ ಬೋಲ್ಟುಗಳು ಬಿಗಿ ಮಾಡುವಾಗ ಎಳೆದುಕೊಳ್ಳುವಂಥವು, ಹಳೇದನ್ನೇ ಹಾಕಿದರೆ ಕೆಲವೇ ತಿಂಗಳಲ್ಲಿ ಗ್ಯಾಸ್ಕೆಟ್ ಮತ್ತೆ ಬಿಡಬಹುದು. ಗ್ಯಾಸ್ಕೆಟ್ ಯಾವ ದಪ್ಪದ್ದು? ಡೀಸೆಲ್ ಇಂಜಿನ್ನಿಗೆ ಪಿಸ್ಟನ್ ಬ್ಲಾಕಿನಿಂದ ಎಷ್ಟು ಮೇಲೆ ಬರುತ್ತದೆ ಎಂದು ಅಳೆದು, ಅದಕ್ಕೆ ಹೊಂದುವ ದಪ್ಪದ ಗ್ಯಾಸ್ಕೆಟ್ ಆರಿಸಬೇಕು. ಅಂಗಡಿಯಲ್ಲಿ ಸಿಕ್ಕಿದ್ದನ್ನು ಹಾಕುವುದಲ್ಲ. ಇನ್ನು ಕೆಲವು ಡೀಸೆಲ್ ಹೆಡ್‌ಗಳಿಗೆ ಪ್ಲೇನ್ ಹೊಡೆಯಲು ಕಂಪನಿಯೇ ಒಪ್ಪುವುದಿಲ್ಲ, ಜಾಸ್ತಿ ತೆಗೆದರೆ ವಾಲ್ವ್ ಮತ್ತು ಪಿಸ್ಟನ್ ತಾಗುತ್ತವೆ. ನಿಮ್ಮ ಇಂಜಿನ್ನಿಗೆ ಅವಕಾಶ ಇದೆಯಾ ಎಂದು ಮೊದಲು ಖಚಿತ ಮಾಡಿಕೊಳ್ಳಲಿ. ಥರ್ಮೋಸ್ಟಾಟ್, ವಾಟರ್ ಪಂಪ್, ಮುಚ್ಚಳ, ಎಲ್ಲ ಹೋಸ್ ಹೊಸದು. ರೇಡಿಯೇಟರ್ ಒಳಗೆ ಚೆನ್ನಾಗಿ ತೊಳೆಯಬೇಕು. 1.12 ಲಕ್ಷ ಓಡಿದ ಕಾರು, ಟೈಮಿಂಗ್ ಚೈನ್ ಇರುವ ಇಂಜಿನ್ ಆದರೆ ಬಿಚ್ಚಿರುವಾಗಲೇ ಚೈನ್ ಕಿಟ್ ಹಾಕಿಸಿಬಿಡಿ, ಬೆಲ್ಟ್ ಆದರೆ ಬೆಲ್ಟ್. ಆಮೇಲೆ ಅದಕ್ಕೇ ಅಂತ ಮತ್ತೆ ಲೇಬರ್ ಕೊಡುವುದು ದಂಡ. ಇದೆಲ್ಲ ಸೇರಿದರೆ 75,000 ಒಂದು ಲಕ್ಷದ ಹತ್ತಿರ ಬಂದರೂ ನನಗೆ ಆಶ್ಚರ್ಯ ಇಲ್ಲ. ಬಿಲ್ ಕೊಡದ, ಆರು ತಿಂಗಳ ಗ್ಯಾರಂಟಿ ಬರೆದು ಕೊಡದ ಮೆಕ್ಯಾನಿಕ್ ಎಷ್ಟೇ ಪರಿಚಯದವರಾಗಿರಲಿ, ಇಂಜಿನ್ ಕೆಲಸಕ್ಕೆ ಬೇಡ.

ಕಾರನ್ನು ಅಲ್ಲಿಂದ ತೆಗೆಯುವಾಗ ಬಿಚ್ಚಿದ್ದಕ್ಕೆ ಲೇಬರ್ ಚಾರ್ಜ್ ಕೇಳುತ್ತಾರೆ. ಅದು ನ್ಯಾಯವೇ, ಕೊಡಿ. ದಿನಕ್ಕೆ ಇಷ್ಟು ಅಂತ ಪಾರ್ಕಿಂಗ್ ಚಾರ್ಜನ್ನೂ ಸೇರಿಸಬಹುದು. ನೀವು ಕಾರಣ ಕೇಳಿ ಕಾಯುತ್ತಿರುವ ದಿನಗಳಿಗೆ ಅದು ಅನ್ವಯ ಆಗಬಾರದು ಅಂತ ಇವತ್ತಿನ ಇಮೇಲಿನಲ್ಲೇ ಒಂದು ಸಾಲು ಬರೆದುಬಿಡಿ.

ಇನ್ಶೂರೆನ್ಸ್‌ನವರು ಹೇಳಿದ್ದು ನಿಮ್ಮ ವಿಷಯದಲ್ಲಿ ಸರಿ. ಮಾಮೂಲಿ ಮೋಟಾರ್ ಪಾಲಿಸಿಯಲ್ಲಿ ಸವೆತ, ಯಾಂತ್ರಿಕ ಕೆಡುಕು, ಒಂದು ಹಾನಿಯಿಂದ ಮುಂದೆ ಆಗುವ ಹಾನಿ, ಇವೆಲ್ಲ ಹೊರಗೆ. ಕಲ್ಲು ಬಡಿದು ರೇಡಿಯೇಟರ್ ಒಡೆದಿದ್ದರೆ ರೇಡಿಯೇಟರ್‌ಗೆ ಸಿಗುತ್ತಿತ್ತು. ಆದರೆ ಒಡೆದ ಮೇಲೂ ಓಡಿಸಿದ್ದರಿಂದ ಇಂಜಿನ್‌ಗೆ ಆದ ಹಾನಿ ಮಾಲೀಕನ ತಲೆಗೇ ಅಂತ ಪಾಲಿಸಿಯ ಷರತ್ತೇ ಹೇಳುತ್ತದೆ. ಇಂಜಿನ್ ಪ್ರೊಟೆಕ್ಟ್ ಅಂತ ಜಾಸ್ತಿ ದುಡ್ಡಿಗೆ ಒಂದು ಆ್ಯಡ್-ಆನ್ ಬರುತ್ತದೆ. ಅದು ಹೆಚ್ಚಾಗಿ ನೀರು ನುಗ್ಗಿದ್ದಕ್ಕೆ, ಪೆಟ್ಟು ಬಿದ್ದು ಆಯಿಲ್ ಸೋರಿದ್ದಕ್ಕೆ ಇರುವುದು. ಮಳೆಗಾಲದಲ್ಲಿ ಹೇಮಾವತಿ, ಭದ್ರಾ ಕಡೆ ರಸ್ತೆ ಮೇಲೆ ನೀರು ಹರಿಯುವಾಗ ಹಾಯ್ದು ಹೋಗುವವರು ಇದನ್ನು ಹಾಕಿಸಿಕೊಂಡರೆ ಒಳ್ಳೆಯದು. ನೀರಲ್ಲಿ ಕಾರು ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಲೇಬಾರದು ಅನ್ನುವುದನ್ನೂ ನೆನಪಿಡಿ. ಸಿಲಿಂಡರ್ ಒಳಗೆ ನೀರು ಇದ್ದರೆ ಅದು ಗಾಳಿಯ ಹಾಗೆ ಅದುಮಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಕೇಸಿನ ವಿಷಯ. ಇಲ್ಲಿ ಎರಡು ದಾರಿ ಇದೆ, ಜನ ಅವೆರಡನ್ನೂ ಕಲಸಿಬಿಡುತ್ತಾರೆ. ಕಾರು ತಯಾರಿಸಿದ ಕಂಪನಿಯ ತಪ್ಪು ಒಂದು, ಸರ್ವಿಸ್ ಮಾಡಿದವರ ತಪ್ಪು ಇನ್ನೊಂದು.

ತಯಾರಿಕೆಯಲ್ಲೇ ದೋಷ ಇರುವ ಇಂಜಿನ್‌ಗಳು ಖಂಡಿತ ಇವೆ. ಅಮೆರಿಕದಲ್ಲಿ 2015ರಲ್ಲಿ ಹ್ಯುಂಡೈ ಲಕ್ಷಗಟ್ಟಲೆ ಸೊನಾಟಾ ಕಾರುಗಳನ್ನು ವಾಪಸ್ ಕರೆಯಿತು. ಕ್ರ್ಯಾಂಕ್‌ಶಾಫ್ಟ್ ತಯಾರಿಸುವಾಗ ಉಳಿದ ಲೋಹದ ಚೂರು ಆಯಿಲ್ ದಾರಿ ಕಟ್ಟಿ ಬೇರಿಂಗ್ ಹೋಗುತ್ತಿತ್ತು. 2025ರ ಏಪ್ರಿಲ್‌ನಲ್ಲಿ ಜನರಲ್ ಮೋಟಾರ್ಸ್ ತನ್ನ 6.2 ಲೀಟರ್ ವಿ8 ಇಂಜಿನ್ನಿನ ಸುಮಾರು 6 ಲಕ್ಷ ಗಾಡಿಗಳನ್ನು ಕರೆಸಿಕೊಂಡಿತು, ಅಲ್ಲೂ ಕ್ರ್ಯಾಂಕ್ ಮತ್ತು ಕನೆಕ್ಟಿಂಗ್ ರಾಡ್‌ನದೇ ದೋಷ. ಇವೆಲ್ಲ ಹೊರಬಂದದ್ದು ಒಂದೇ ಮಾದರಿಯ ಇಂಜಿನ್ ಒಂದೇ ರೀತಿ ಕೆಡುತ್ತಿದೆ ಅನ್ನುವುದು ದೂರುಗಳ ರಾಶಿಯಿಂದ ಗೊತ್ತಾದಾಗ. ನಮ್ಮಲ್ಲೂ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 110ಎ ಕಲಂ ಸೇರಿಸಿದ್ದಾರೆ, ದೋಷ ಇರುವ ಗಾಡಿಗಳನ್ನು ವಾಪಸ್ ಕರೆಯಲು ಸರ್ಕಾರವೇ ಆದೇಶ ಕೊಡಬಹುದು. ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಆದರೆ ಅದು ಏಳು ವರ್ಷದೊಳಗಿನ ಗಾಡಿಗಳಿಗೆ, ನಿಮ್ಮದು ದಾಟಿದೆ. ಆದರೂ ಕಂಪನಿಯ ವೆಬ್‌ಸೈಟಿನಲ್ಲಿ ಚಾಸಿಸ್ ನಂಬರ್ ಹಾಕಿ ಯಾವುದಾದರೂ ಹಳೇ ರೀಕಾಲ್ ಬಾಕಿ ಇದೆಯಾ ನೋಡಿ, ಐದು ನಿಮಿಷದ ಕೆಲಸ. ಅದು ಬಿಟ್ಟರೆ, ವಾರಂಟಿ ಮುಗಿದ, ಸೆಕೆಂಡ್ ಹ್ಯಾಂಡ್ ತಗೊಂಡ, ಲಕ್ಷ ಕಿ.ಮೀ. ದಾಟಿದ ಕಾರಿಗೆ ತಯಾರಿಕಾ ದೋಷ ಅಂತ ವಾದಿಸಿ ಗೆಲ್ಲುವುದು ಬಹಳ ಕಷ್ಟ. ವಾರಂಟಿ ಒಳಗಿನ ಕಾರಿಗೇ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಏನೆಂದರೆ, ವಾರಂಟಿ ಷರತ್ತು ದೋಷ ಇರುವ ಭಾಗ ಬದಲಿಸುವುದಕ್ಕೆ ಇದ್ದರೆ ಅಷ್ಟೇ ಸಿಗುತ್ತದೆ, ಇಡೀ ಕಾರು ಬದಲಿಸಿ ಅನ್ನಲಾಗದು. ಆ ದಾರಿಯಲ್ಲಿ ನಿಮ್ಮ ದುಡ್ಡು, ಸಮಯ ಹಾಕಬೇಡಿ ಅನ್ನುವುದು ನನ್ನ ಸಲಹೆ.

ಎರಡನೇ ದಾರಿ ಬೇರೆ. ಮೂರು ತಿಂಗಳ ಹಿಂದೆ ನೀವು ದುಡ್ಡು ಕೊಟ್ಟು ಹೋಸ್ ಹಾಕಿಸಿದ್ದೀರಿ, ಬಿಲ್ ನಿಮ್ಮ ಹೆಸರಿನಲ್ಲಿದೆ. ಅದೇ ಹೋಸ್ ಅಥವಾ ಅದರ ಕ್ಲಿಪ್ ಕೈಕೊಟ್ಟು ಇಂಜಿನ್ ಹೋಗಿದ್ದರೆ ಅದು ಸೇವೆಯಲ್ಲಿನ ಕೊರತೆ, ಕಾರು ಫಸ್ಟ್ ಹ್ಯಾಂಡೋ ಸೆಕೆಂಡ್ ಹ್ಯಾಂಡೋ ಅನ್ನುವ ಮಾತೇ ಬರುವುದಿಲ್ಲ. ಮೊದಲು ಸರ್ವಿಸ್ ಮ್ಯಾನೇಜರ್‌ಗೆ, ಆಮೇಲೆ ಕಂಪನಿಯ ಕಸ್ಟಮರ್ ಕೇರ್‌ಗೆ ಫೋಟೋ, ಬಿಲ್ ಸಮೇತ ಬರೆಯಿರಿ. ಇಂಥ ಕಡೆ ಕಂಪನಿಗಳು ಗುಡ್‌ವಿಲ್ ಅಂತ ಭಾಗದ ಬೆಲೆಯಲ್ಲಿ ಪಾಲು ಹೊರುವುದು ಉಂಟು, ಆದರೆ ಕೇಳದೆ ಯಾರೂ ಕೊಡುವುದಿಲ್ಲ. 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ದೂರು ಹೇಳಬಹುದು. ಅಲ್ಲಿಗೂ ಬಗ್ಗದಿದ್ದರೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಆಫೀಸ್ ಎಲ್ಲೇ ಇರಲಿ. ಕೊಟ್ಟ ಹಣ 5 ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಘಟನೆ ಆಗಿ ಎರಡು ವರ್ಷದೊಳಗೆ ಹಾಕಬೇಕು.

ಅಲ್ಲಿ ಸೋಲುವವರು ಹೆಚ್ಚಾಗಿ ಸೋಲುವುದು ತಜ್ಞರ ವರದಿ ಇಲ್ಲದೆ. ‘ಇವರಿಂದಲೇ ಹಾಳಾಯಿತು’ ಅಂತ ನಾವು ಹೇಳಿದರೆ ಸಾಲದು, ಗೊತ್ತಿರುವವರು ನೋಡಿ ಬರೆದು ಕೊಡಬೇಕು. ಅದಕ್ಕೇ ಇಂಜಿನ್ ಬಿಚ್ಚಿಟ್ಟಿರುವ ಈ ಹೊತ್ತು ನಿಮಗೆ ಮುಖ್ಯ. ಲೈಸೆನ್ಸ್ ಇರುವ ಮೋಟಾರ್ ಸರ್ವೇಯರ್ ಒಬ್ಬರನ್ನು ನೀವೇ ಫೀಸ್ ಕೊಟ್ಟು ಕರೆದೊಯ್ಯಬಹುದು. ಚಿಕ್ಕಮಗಳೂರಿನಲ್ಲಿ ಆದಿಚುಂಚನಗಿರಿ ಇಂಜಿನಿಯರಿಂಗ್ ಕಾಲೇಜು ಇದೆ, ಹಾಸನದಲ್ಲಿ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಇದೆ. ಮೆಕ್ಯಾನಿಕಲ್ ವಿಭಾಗದ ಮೇಷ್ಟ್ರೊಬ್ಬರು ಬಂದು ನೋಡಿ ಅಭಿಪ್ರಾಯ ಬರೆದು ಕೊಡುತ್ತಾರಾ ಕೇಳಿ ನೋಡಿ. ಎಲ್ಲ ಜೋಡಿಸಿ ಕಾರು ಓಡಿಸಿಕೊಂಡು ಬಂದ ಮೇಲೆ ಯಾರು ಬಂದರೂ ನೋಡಲು ಏನೂ ಉಳಿದಿರುವುದಿಲ್ಲ.

‘ಹೊರಗಡೆ ರಿಪೇರಿ ಮಾಡಿಸಿದರೆ ಒರಿಜಿನಲ್ ಪಾರ್ಟ್ ಸಿಗಲ್ಲ’ ಅಂತ ಹೆದರಿಸಿದರೆ ಹೆದರಬೇಡಿ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಇದೇ ವಿಷಯಕ್ಕೆ, ಅಂದರೆ ಬಿಡಿಭಾಗ ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದಕ್ಕೆ, 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ದಂಡದ ಮೊತ್ತದ ಮೇಲೆ ಮೇಲ್ಮನವಿ, ಕೋರ್ಟು ಎಲ್ಲ ನಡೆದಿವೆ. ಆದರೆ ಇವತ್ತು ಹಾಸನದಲ್ಲೇ ಕಂಪನಿ ಪ್ಯಾಕಿಂಗ್‌ನ ಗ್ಯಾಸ್ಕೆಟ್, ಬೋಲ್ಟ್, ಪಂಪ್ ಬಿಲ್ ಸಮೇತ ಕೌಂಟರಿನಲ್ಲಿ ಸಿಗುತ್ತವೆ. ಪಾರ್ಟ್ ನಂಬರ್ ಬರೆದುಕೊಂಡು ನೀವೇ ಹೋಗಿ ತನ್ನಿ.

ಮಾರಬೇಕಾ ಬೇಡವಾ? ಎರಡು ಬೆಲೆ ವಿಚಾರಿಸಿ. ಕಾರು ಓಡುವ ಸ್ಥಿತಿಯಲ್ಲಿ ಎಷ್ಟಕ್ಕೆ ಹೋಗುತ್ತದೆ, ಈಗ ಇರುವ ಹಾಗೇ ಎಷ್ಟು ಕೊಡುತ್ತಾರೆ. ಉದಾಹರಣೆಗೆ ಓಡುವ ಕಾರಿಗೆ ಮೂರೂವರೆ ಲಕ್ಷ, ಬಿಚ್ಚಿಟ್ಟ ಕಾರಿಗೆ ಒಂದೂವರೆ ಲಕ್ಷ ಅಂದರೆ ನಡುವೆ ಎರಡು ಲಕ್ಷ. ಒಂದು ಲಕ್ಷದಲ್ಲಿ ಸರಿಯಾದ ಕೆಲಸ ಆಗುವುದಾದರೆ ಮಾಡಿಸಿ ಇಟ್ಟುಕೊಳ್ಳಿ. 1.85 ಕೊಡಲೇಬೇಕು ಅನ್ನುವ ಪರಿಸ್ಥಿತಿ ಬಂದರೆ ಲಾಭ ಏನೂ ಇಲ್ಲ, ಆಗ ಮಾರುವ ಯೋಚನೆ ಮಾಡಬಹುದು. ನನ್ನನ್ನು ಕೇಳಿದರೆ, ಅಳತೆಯಲ್ಲಿ ಬ್ಲಾಕ್ ಚೆನ್ನಾಗಿದೆ ಅಂತ ಬಂದರೆ ಲೇತ್ ಕೆಲಸದ ದಾರಿಯೇ ನಿಮಗೆ ಸರಿ. ಬ್ಲಾಕ್ ಹೋಗಿದ್ದರೆ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಇಂಜಿನ್ ತರಿಸೋಣ ಅಂತ ಯಾರಾದರೂ ಹೇಳುತ್ತಾರೆ. ತಪ್ಪಿಲ್ಲ, ಆದರೆ ಯಾವ ಗಾಡಿಯ ಇಂಜಿನ್, ಅದರ ಬಿಲ್ ಮತ್ತು ದಾಖಲೆ ಎಲ್ಲಿ ಅನ್ನುವುದು ಕೈಗೆ ಬರದೆ ದುಡ್ಡು ಕೊಡಬೇಡಿ. ಇಂಜಿನ್ ನಂಬರ್ ಬದಲಾದರೆ ಆರ್.ಟಿ.ಓ.ದಲ್ಲಿ ಆರ್.ಸಿ.ಗೆ ಸೇರಿಸಲೇಬೇಕು, ಇನ್ಶೂರೆನ್ಸ್‌ಗೂ ತಿಳಿಸಬೇಕು. ಕಳವಿನ ಇಂಜಿನ್ ಆಗಿದ್ದರೆ ಪೊಲೀಸ್ ಸ್ಟೇಷನ್ ಅಲೆದಾಟ ನಿಮ್ಮ ಪಾಲಿಗೆ.

ರಿಪೇರಿ ಆದ ಮೇಲೆ ನೀವು ಮತ್ತೆ ಅಪ್ಪನನ್ನು ಕರೆದುಕೊಂಡು ಅದೇ ಘಾಟಿ ಇಳಿದು ಹತ್ತಬೇಕು, ಅಲ್ವಾ. ಹಾಗಾಗಿ ಇದಿಷ್ಟು. ಕೂಲಂಟ್ ಕಂಪನಿ ಹೇಳಿದ ಬಣ್ಣ, ಗುಣದ್ದೇ ಇರಲಿ, ಡಿಸ್ಟಿಲ್ಡ್ ವಾಟರ್ ಜೊತೆ ಬೆರೆಸಿದ್ದು. ಘಾಟಿಯ ಹಳ್ಳದ ನೀರು, ಅರಸೀಕೆರೆ, ಚನ್ನರಾಯಪಟ್ಟಣ ಕಡೆಯ ಬೋರ್‌ವೆಲ್ ನೀರು ಆಪತ್ತಿಗೆ ಮಾತ್ರ, ಹಾಕಿದರೆ ಮನೆಗೆ ಬಂದ ಮೇಲೆ ತೆಗೆಸಿಬಿಡಿ. ಬೋರ್ ನೀರಿನ ಗಡಸು ರೇಡಿಯೇಟರ್ ಒಳಗೆ ಪದರ ಕಟ್ಟುತ್ತದೆ. ಹೊರಡುವ ದಿನ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಡಬ್ಬಿಯ ಮಟ್ಟ ನೋಡಿ. ರಿಪೇರಿ ಆದ ಮೊದಲ ತಿಂಗಳು ದಿನಾ ನೋಡಿ, ಒಂದು ಬೆರಳು ಇಳಿದರೂ ಮೆಕ್ಯಾನಿಕ್‌ಗೆ ತೋರಿಸಿ. ಮೊದಲ 1,000 ಕಿ.ಮೀ. ಆದಾಗ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಮುಳ್ಳು ಇಲ್ಲದ ಕಾರಿಗೆ ಸ್ಕ್ಯಾನರ್ ಹಾಕುವ ಒ.ಬಿ.ಡಿ. ಪೋರ್ಟ್‌ಗೆ ಸಿಕ್ಕಿಸುವ ಸಣ್ಣ ಸಾಧನ ಸಿಗುತ್ತದೆ, ಮೊಬೈಲಿನಲ್ಲೇ ಕೂಲಂಟ್ ಬಿಸಿ ಡಿಗ್ರಿಯಲ್ಲಿ ಕಾಣುತ್ತದೆ. ಅದೊಂದು ಹಾಕಿಸಿಕೊಳ್ಳಿ.

ಬಿಸಿ ಏರುತ್ತಿದೆ ಅನ್ನಿಸಿದರೆ ಎ.ಸಿ. ಆಫ್ ಮಾಡಿ, ಹೀಟರ್ ಫುಲ್ ಇಡಿ, ಕಿಟಕಿ ತೆಗೆಯಿರಿ. ಸೆಖೆ ಆಗುತ್ತದೆ, ಆದರೆ ಹೀಟರ್ ಕೂಡ ಒಂದು ಸಣ್ಣ ರೇಡಿಯೇಟರ್, ಇಂಜಿನ್ನಿನ ಸ್ವಲ್ಪ ಬಿಸಿ ಅದರಿಂದ ಹೊರಗೆ ಹೋಗುತ್ತದೆ. ಮುಂದಿನ ಅಗಲ ಜಾಗದವರೆಗೆ ನಿಧಾನಕ್ಕೆ ಬನ್ನಿ. ಕೆಂಪು ಲೈಟೇ ಬಂದರೆ ನಾಲ್ಕೂ ಇಂಡಿಕೇಟರ್ ಹಾಕಿ, ಸಿಕ್ಕ ಮೊದಲ ಅಂಚಿನಲ್ಲಿ ನಿಲ್ಲಿಸಿ ಇಂಜಿನ್ ಆಫ್ ಮಾಡಿ. ಕಾರಿನಲ್ಲಿರುವವರು ಇಳಿದು ರಸ್ತೆಯಿಂದ ದೂರ ನಿಲ್ಲಲಿ. ಬಾನೆಟ್ ತೆರೆಯಿರಿ, ಆದರೆ ಮುಚ್ಚಳ ಮುಟ್ಟಬೇಡಿ, ಕುದಿಯುವ ಕೂಲಂಟ್ ಮುಖಕ್ಕೆ ಹಾರುತ್ತದೆ. ಅರ್ಧ ಮುಕ್ಕಾಲು ಗಂಟೆ ಬಿಟ್ಟು, ಪೂರ್ತಿ ಆರಿದ ಮೇಲೆ, ಬಟ್ಟೆ ಹಿಡಿದು ನಿಧಾನಕ್ಕೆ ತಿರುಗಿಸಿ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. ಸೋರಿಕೆ ಕಣ್ಣಿಗೆ ಕಂಡರೆ ನೀರು ಹಾಕಿಕೊಂಡು ಓಡಿಸುವ ಆಸೆ ಬೇಡ, ಟೋಯಿಂಗ್‌ನವರಿಗೆ ಫೋನ್ ಮಾಡಿ. ಘಾಟಿಯ ತುಂಬ ಕಡೆ ಸಿಗ್ನಲ್ ಸಿಗುವುದಿಲ್ಲ, ಕೆಳಗೆ ಹೋಗುವ ಬಸ್ಸಿನವರ ಹತ್ತಿರ ಹೇಳಿ ಕಳಿಸಿದರೂ ಸಹಾಯ ಆಗುತ್ತದೆ. ಇನ್ಶೂರೆನ್ಸ್‌ನಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ ಇದ್ದರೆ ಆ ನಂಬರನ್ನು ಕಾಗದದಲ್ಲಿ ಬರೆದು ಕಾರಿನಲ್ಲೇ ಇಟ್ಟಿರಿ.

ಸರ್ವಿಸ್ ಸೆಂಟರಿನಿಂದ ಅಳತೆ ಮತ್ತು ಕಾರಣ ಬರವಣಿಗೆಯಲ್ಲಿ ಬಂದ ಮೇಲೆ, ಹೋಸ್ ಮತ್ತು ಕ್ಲಿಪ್ಪಿನ ಫೋಟೋ ಸಮೇತ ನನಗೆ ಮತ್ತೆ ಬರೆಯಿರಿ. ಅದನ್ನು ನೋಡಿ ಯಾವ ದಾರಿ ಅಂತ ಖಚಿತವಾಗಿ ಹೇಳುತ್ತೇನೆ.